ಜುಬಿನ್ ಮೆಹ್ತಾ ಕೈ ನೋಡುತ್ತಾ ಸಿಂಫನಿ ಕೇಳೋದು ಹೇಗೆ?

ನಮ್ಮ ಚಿಕ್ಕಮಗಳೂರಲ್ಲಿ ಆರ್ಕೆಸ್ಟ್ರಾ ಅಂದ್ರೆ ಗಣಪತಿ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡುವ ತಂಡ, ಅಲ್ವಾ? ಸಿಂಫನಿ, ಅಂದ್ರೆ ಹತ್ತಾರು ವಾದ್ಯಗಳು ಸೇರಿ ನುಡಿಸುವ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ಕೃತಿ, ಬೇರೆಯೇ ಲೋಕ. ಒಳಗೆ ಹೋಗಲು ಕಂಡಕ್ಟರ್, ಅಂದ್ರೆ ಕೈಸನ್ನೆಯಿಂದ ವಾದ್ಯವೃಂದವನ್ನು ನಡೆಸುವವರು, ಜುಬಿನ್ ಮೆಹ್ತಾ ಒಳ್ಳೆಯ ಬಾಗಿಲು.

ಮೊದಲು ಅವರ ಕಥೆ ತಿಳ್ಕೊಳ್ಳಿ. 1936ರಲ್ಲಿ ಮುಂಬೈನಲ್ಲಿ ಹುಟ್ಟಿದರು. ಅಪ್ಪ ಮೆಹ್ಲಿ ಪಿಟೀಲು ವಾದಕರು, ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದವರು. ಮಗ ಡಾಕ್ಟರ್ ಆಗುವ ಓದು ಬಿಟ್ಟು 1954ರಲ್ಲಿ ವಿಯೆನ್ನಾಕ್ಕೆ ಹೋಗಿ ಹಾನ್ಸ್ ಸ್ವರೋವ್ಸ್ಕಿ ಎಂಬ ಗುರುಗಳ ಹತ್ತಿರ ಆರ್ಕೆಸ್ಟ್ರಾ ನಡೆಸೋದು ಕಲಿತರು, 1958ರಲ್ಲಿ ಲಿವರ್‌ಪೂಲ್‌ನ ಕಂಡಕ್ಟರ್‌ಗಳ ಸ್ಪರ್ಧೆ ಗೆದ್ದರು, 1962ರಿಂದ 1978ರವರೆಗೆ ಲಾಸ್ ಏಂಜಲೀಸ್, ಆಮೇಲೆ 13 ವರ್ಷ ನ್ಯೂಯಾರ್ಕ್ ಆರ್ಕೆಸ್ಟ್ರಾ ನಡೆಸಿದರು.

ಈಗ ಬೀಥೋವನ್ ಐದನೇ ಸಿಂಫನಿಯ ವಿಡಿಯೊ ಹಾಕಿ, ಯಾರು ನಡೆಸಿದ್ದಾದರೂ ಸರಿ. ಮೊದಲ ಅರ್ಧ ನಿಮಿಷ ಸದ್ದು ಪೂರ್ತಿ ತೆಗೆದು ಸುಮ್ನೆ ಕಂಡಕ್ಟರ್ ಕೈ ನೋಡಿ. ಸಿಂಫನಿ ಶುರುವಾಗೋದು ಹೀಗೆ: ಮೂರು ಚಿಕ್ಕ ಸ್ವರ, ಒಂದು ಉದ್ದ ಸ್ವರ. ಆದರೆ ಅದಕ್ಕೂ ಮುಂಚೆ ಒಂದು ಪುಟ್ಟ ಮೌನ ಬರೆದಿದೆ, ಕಂಡಕ್ಟರ್ ಕೈಯ ಕೋಲು ಬೀಳೋದು ಆ ಮೌನದ ಮೇಲೆ! ನಮ್ಮ ಸಂಗೀತ ಕಚೇರಿಯಲ್ಲೂ ಕೆಲವು ಹಾಡು ತಾಳದ ಕೈ ಬಿದ್ದ ಮೇಲೆ ಶುರುವಾಗುತ್ತವೆ, ಹಾಗೇ ಇಲ್ಲೂ ಕೈ ಮುಂದೆ, ಸದ್ದು ಹಿಂದೆ. ನನಗೆ ಇದು ಗೊತ್ತಾದ ದಿನ ಹತ್ತು ಸಲ ನೋಡಿದ್ದೆ. ಸಾಮಾನ್ಯವಾಗಿ ಬಲಗೈ ಲಯ ಹಿಡಿದರೆ, ಎಡಗೈ ಸದ್ದು ಏರಿಸಿ ಇಳಿಸುತ್ತದೆ.

ಆಮೇಲೆ ಮೆಹ್ತಾ ನಡೆಸಿದ ವಿಯೆನ್ನಾ ಹೊಸವರ್ಷದ ಕಛೇರಿ ನೋಡಿ, 2015ರದ್ದು. ಕೊನೆಗೆ ನುಡಿಸುವ, ಕವಾಯತು ನಡಿಗೆಯ ಲಯದ ರಾಡೆಟ್ಸ್ಕಿ ಮಾರ್ಚ್‌ನಲ್ಲಿ ಜನರ ಕಡೆ ತಿರುಗಿ ಚಪ್ಪಾಳೆಯನ್ನೂ ಅವರೇ ನಡೆಸುತ್ತಾರೆ.

ಮಳೆಗಾಲದಲ್ಲಾದರೆ ಮೊದಲೇ ಡೌನ್‌ಲೋಡ್ ಮಾಡಿಟ್ಟು ಇಯರ್‌ಫೋನ್ ಹಾಕ್ಕೊಳ್ಳಿ. ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಪಿಟೀಲಿನ ಮೆಲ್ಲನೆಯ ಭಾಗ ಕೇಳಿಸುವುದೇ ಇಲ್ಲ.