ಸಾಗರದ ದಾರಿ ಕಲಿತದ್ದು ಬಸವನಗುಡಿಯ ತಾರಸಿಯಲ್ಲಿ

ಹಾಯಿದೋಣಿಯಲ್ಲಿ ಸಾಗರ ದಾಟುವ ಆಸೆ ಇರುವವರಿಗೆ ನಾನು ಮೊದಲು ಹೇಳುವುದು ಇದು: ದಾರಿ ಹುಡುಕುವ ವಿದ್ಯೆಯನ್ನು ಬೆಂಗಳೂರಿನಲ್ಲೇ ಕಲಿಯಬಹುದು. ಹಾಯಿ ಏರಿಸುವುದು, ಹಗ್ಗ ಬಿಗಿಯುವುದು ಎಲ್ಲ ನಾನು ಚೆನ್ನೈನಲ್ಲಿ ಕಲಿತೆ. ಸೆಕ್ಸ್‌ಟೆಂಟ್ ಕೈಗೆ ಒಗ್ಗಿದ್ದು ಮಾತ್ರ ಬಸವನಗುಡಿಯ ನಮ್ಮ ಮನೆ ತಾರಸಿಯಲ್ಲಿ.

ದಿಗಂತದಿಂದ ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಅಂತ ಅಳೆಯುವ ಉಪಕರಣ ಅದು. ಆದರೆ ಊರೊಳಗೆ ದಿಗಂತ ಎಲ್ಲಿದೆ? ಎತ್ತ ನೋಡಿದರೂ ಅಪಾರ್ಟ್‌ಮೆಂಟು, ನೀರಿನ ಟ್ಯಾಂಕು. ಅದಕ್ಕೆ ಹಳೆಯ ಉಪಾಯ ಒಂದಿದೆ. ಅಗಲವಾದ ತಟ್ಟೆಗೆ ಕಪ್ಪಗಿನ ಎಂಜಿನ್ ಆಯಿಲ್ ಸುರಿದೆ. ನೀರು ಸಣ್ಣ ಗಾಳಿಗೂ ಅಲುಗುತ್ತದೆ, ಆಯಿಲ್ ಅಷ್ಟಾಗಿ ಅಲುಗುವುದಿಲ್ಲ. ಕಪ್ಪು ಗಾಜುಗಳನ್ನು ಅಡ್ಡ ಹಾಕಿ, ಆಕಾಶದ ಸೂರ್ಯನನ್ನು ತಟ್ಟೆಯಲ್ಲಿ ಕಾಣುವ ಸೂರ್ಯನ ಮೇಲೆ ಇಳಿಸಬೇಕು. ಎರಡು ಬಿಲ್ಲೆ ಒಂದಾದಾಗ ಸಿಗುವ ಕೋನದ ಅರ್ಧವೇ ಸೂರ್ಯನ ಎತ್ತರ.

ಇದಕ್ಕೆ ಡಿಸೆಂಬರ್ ಸರಿಯಾದ ಕಾಲ. ಬೇಸಿಗೆಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಎರಡರಷ್ಟು ಕೋನ ಅಳೆಯಲು ಸೆಕ್ಸ್‌ಟೆಂಟ್‌ಗೆ ಆಗುವುದಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ನಮ್ಮೂರಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಸುಮಾರು 12:20ಕ್ಕೆ. ಆಗ 107 ಡಿಗ್ರಿ ಸಿಗುತ್ತದೆ. ಅರ್ಧ 53½. 90ರಲ್ಲಿ ಕಳೆದರೆ 36½. ಸೂರ್ಯ ಆಗ ಸಮಭಾಜಕದಿಂದ 23½ ಡಿಗ್ರಿ ದಕ್ಷಿಣಕ್ಕಿರುತ್ತಾನೆ, ಅದನ್ನೂ ಕಳೆಯಿರಿ. ಉಳಿದ 13 ಬೆಂಗಳೂರಿನ ಅಕ್ಷಾಂಶ! ಮೊದಲ ಸಲ ಅದು ಹೊಂದಿದಾಗ ಟೈಮ್ ಬರೆದುಕೊಳ್ಳುತ್ತಿದ್ದ ತಂಗಿಯೂ ಕುಣಿದುಬಿಟ್ಟಳು.

ಆಮೇಲೆ ಸ್ಪೇನ್‌ನ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್ ದ್ವೀಪ ಬಾರ್ಬಡೋಸ್‌ಗೆ ಹೊರಟ ದೋಣಿಯಲ್ಲಿ ಜಾಗ ಸಿಕ್ಕಿತು. ಸುಮಾರು 2,700 ನಾಟಿಕಲ್ ಮೈಲಿ ಅಟ್ಲಾಂಟಿಕ್. ದೋಣಿಯಲ್ಲಿ ಜಿಪಿಎಸ್ ಇತ್ತು, ಆದರೆ ನನ್ನ ಲೆಕ್ಕ ಮುಗಿಯುವ ತನಕ ಕ್ಯಾಪ್ಟನ್ ಅದನ್ನು ತೋರಿಸುತ್ತಿರಲಿಲ್ಲ. ತಾರಸಿ ಕಲಿಸದ ಪಾಠ ಶುರುವಾದದ್ದು ಅಲ್ಲಿ. ಸೊಂಟದ ಬೆಲ್ಟನ್ನು ದೋಣಿಗೆ ಕಟ್ಟಿಕೊಂಡು, ಮೊಣಕಾಲು ಸಡಿಲ ಬಿಟ್ಟು ನಿಲ್ಲಬೇಕು. ದೋಣಿ ಅಲೆಯ ನೆತ್ತಿಗೆ ಏರಿದಾಗಲೇ ನೋಡಬೇಕು. ತಗ್ಗಿನಲ್ಲಿದ್ದರೆ ಕಾಣುವುದು ಪಕ್ಕದ ಅಲೆಯ ತುದಿ, ದಿಗಂತ ಅಲ್ಲ. ಸೆಕ್ಸ್‌ಟೆಂಟನ್ನು ನಿಧಾನವಾಗಿ ಆಚೀಚೆ ವಾಲಿಸಿದರೆ ಸೂರ್ಯ ಕಮಾನಿನಂತೆ ತೂಗುತ್ತಾನೆ, ಆ ಕಮಾನಿನ ತಳ ಸಮುದ್ರಕ್ಕೆ ತಾಕಬೇಕು. ಇಲ್ಲಿ ಒಂದು ನಿಮಿಷದ ಕೋನ (ಡಿಗ್ರಿಯ ಅರವತ್ತರಲ್ಲಿ ಒಂದು ಭಾಗ) ಅಂದರೆ ಒಂದು ನಾಟಿಕಲ್ ಮೈಲಿ, 1,852 ಮೀಟರ್. ಕಣ್ಣು ನೀರಿನಿಂದ 2 ಮೀಟರ್ ಮೇಲಿದ್ದರೆ ಅದಕ್ಕೇ ಸುಮಾರು 2½ ನಿಮಿಷ ಕಳೆಯಬೇಕು.

ನನಗೆ ತುಂಬಾ ಇಷ್ಟವಾದದ್ದು ಬೆಳಗಿನ ಜಾವದ ಪಾಳಿ. ನಕ್ಷತ್ರವೂ ದಿಗಂತವೂ ಒಟ್ಟಿಗೆ ಚೆನ್ನಾಗಿ ಕಾಣುವುದು ಅಂಥ ಮಬ್ಬುಬೆಳಕಿನಲ್ಲಿ. ಧ್ರುವ ನಕ್ಷತ್ರದ ಎತ್ತರವೇ ಹೆಚ್ಚುಕಡಿಮೆ ಅಕ್ಷಾಂಶ. ಹೊರಟಾಗ 28 ಡಿಗ್ರಿ ಇದ್ದದ್ದು ದಕ್ಷಿಣಕ್ಕೆ ಇಳಿದಂತೆ ಕೆಳಗಿಳಿಯುತ್ತಾ ಬಂತು. ಬಾರ್ಬಡೋಸ್ ಇರುವುದೂ 13 ಡಿಗ್ರಿಯಲ್ಲೇ. ಬಸವನಗುಡಿಯಲ್ಲಿ ಕಾಣುವ ಎತ್ತರಕ್ಕೇ ಧ್ರುವ ಬಂದು ನಿಂತಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಹಿಂದಿನ ನಾವಿಕರೂ ಹೀಗೇ ಬೇಕಾದ ಅಕ್ಷಾಂಶಕ್ಕೆ ಇಳಿದು, ಅದನ್ನೇ ಹಿಡಿದು ಪಶ್ಚಿಮಕ್ಕೆ ಹೋಗುತ್ತಿದ್ದರು.

ರೇಖಾಂಶಕ್ಕೆ ಮಾತ್ರ ಸರಿಯಾದ ಗಡಿಯಾರ ಬೇಕು. 4 ಸೆಕೆಂಡ್ ತಪ್ಪಿದರೆ ಒಂದು ನಿಮಿಷದ ರೇಖಾಂಶ ತಪ್ಪುತ್ತದೆ. ಕಲಿಯಲು ಪ್ಲಾಸ್ಟಿಕ್ ಸೆಕ್ಸ್‌ಟೆಂಟ್ ಸಾಕು, ಸುಮ್ನೆ ಜಾಸ್ತಿ ದುಡ್ಡು ಸುರಿಯಬೇಡಿ. ಬಿಸಿಲಿಗೆ ಅದು ಹಿಗ್ಗುತ್ತದೆ, ಹಾಗಾಗಿ ಪ್ರತಿ ಸಲ ಅಳೆಯುವ ಮುಂಚೆ ಸೊನ್ನೆ ಸರಿ ಇದೆಯಾ ನೋಡಿಕೊಳ್ಳಿ.