ಹೊಸ ವರ್ಷದ ತೀರ್ಮಾನ ಸಂಕ್ರಾಂತಿ ದಾಟ್ಬೇಕು ಅಂದ್ರೆ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗ್ಸಿ ಆಚೆ ಬರೋವಾಗ ಕೈಯಲ್ಲಿ ವಾಗ್ದಾನದ ಕಾರ್ಡು (ಬೈಬಲ್ ವಚನ ಬರೆದಿರೋ ಚೀಟಿ), ಒಂದ್ ಪೀಸ್ ಕೇಕು, ಮನಸ್ಸಲ್ಲಿ ಹತ್ತು ತೀರ್ಮಾನ. ವರ್ಷದೊಳಗೆ ಸತ್ಯವೇದ, ಅಂದ್ರೆ ಬೈಬಲ್, ಪೂರ್ತಿ ಓದ್ತೀನಿ, ದಿನಾ ಒಂದ್ ಗಂಟೆ ಪ್ರಾರ್ಥನೆ ಮಾಡ್ತೀನಿ, ಸಿಟ್ಟು ಮಾಡ್ಕೊಳಲ್ಲ. ಪಕ್ಕದ ಮನೆಯಿಂದ ಎಳ್ಳು ಬೆಲ್ಲ ಬರೋ ಹೊತ್ತಿಗೆ ಅರ್ಧ ಮರ್ತೋಗಿರತ್ತೆ. ಇದು ನಮ್ಮ ಮೈಸೂರಲ್ಲಿ ಸುಮಾರು ಮನೆಗಳ ಕಥೆ, ನನ್ನದೂ ಎಷ್ಟೋ ವರ್ಷ ಅದೇ ಆಗಿತ್ತು.

ಮೊದಲು ಬರೆಯೋಕೆ ಹೋಗ್ಬೇಡಿ. ಒಂದ್ ಸಂಜೆ ಟಿವಿ ಆಫ್ ಮಾಡಿ ಸುಮ್ನೆ ಕೂತ್ಕೊಳಿ. ಸತ್ಯವೇದದ 139ನೇ ಕೀರ್ತನೆಯ ಕೊನೇ ಎರಡು ವಚನ ಇದ್ಯಲ್ಲ, ದೇವರೇ ನನ್ನನ್ನ ಪರೀಕ್ಷಿಸಿ ನೋಡು ಅಂತ ಬೇಡ್ಕೊಳೋದು, ಅದನ್ನ ನಿಧಾನಕ್ಕೆ ಮೂರ್ನಾಲ್ಕು ಸಲ ಓದಿ. ಆಮೇಲೆ ಫೋನ್ ತೆಗೀರಿ. ಹೋದ ವರ್ಷ ದುಡ್ಡು ಎಲ್ಲೆಲ್ಲಿಗೆ ಹೋಗಿದೆ ಅಂತ ಫೋನ್‌ಪೇ ಹಿಸ್ಟರಿ ಹೇಳತ್ತೆ, ಟೈಮ್ ಎಲ್ಲಿಗೆ ಹೋಗಿದೆ ಅಂತ ಸ್ಕ್ರೀನ್ ಟೈಮ್ ಹೇಳತ್ತೆ, ಯಾರ ನಂಬರಿಗೆ ವರ್ಷದಿಂದ ಒಂದ್ ಕಾಲೂ ಹೋಗಿಲ್ಲ ಅನ್ನೋದನ್ನೂ ನೋಡಿ. ನಂಗೆ ಚುಚ್ಚಿದ್ದು ಈ ಮೂರನೇದು.

ಆಮೇಲೆ ಪಟ್ಟಿ ಚಿಕ್ಕದು ಮಾಡಿ. ಅಮೆರಿಕದ ಜೊನಾಥನ್ ಎಡ್ವರ್ಡ್ಸ್ ಅನ್ನೋ ಬೋಧಕರು 1722-23ರಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ವಯಸ್ಸಲ್ಲೇ, 70 ತೀರ್ಮಾನ ಬರ್ದಿಟ್ಟಿದ್ರು. ಆ ಸಂಖ್ಯೆ ನೋಡಿ ಹೆದರ್ಕೊಬೇಡಿ, ನಮಗೆ ಬೇಕಾಗಿರೋದು ಅವರು ಎಲ್ಲಕ್ಕಿಂತ ಮೇಲೆ ಬರೆದ ಎರಡು ಮಾತು: ದೇವರ ಸಹಾಯ ಇಲ್ದೆ ನನ್ನ ಕೈಲಿ ಏನೂ ಆಗಲ್ಲ, ಇದನ್ನ ವಾರಕ್ಕೊಂದ್ ಸಲ ಓದ್ಬೇಕು. ನಾವು ಎರಡೇ ತೀರ್ಮಾನ ಇಟ್ಕೊಳೋಣ, ಒಂದು ದೇವರ ಜೊತೆಗಿನದು, ಇನ್ನೊಂದು ಮನುಷ್ಯರ ಜೊತೆಗಿನದು.

ದೇವರ ಜೊತೆಗಿನದಕ್ಕೆ ಗಂಟೆ, ಜಾಗ, ಅಳತೆ ಮೂರೂ ಬೇಕು. "ಜಾಸ್ತಿ ಓದ್ತೀನಿ" ಅಂದ್ರೆ ಅದು ತೀರ್ಮಾನನೇ ಅಲ್ಲ. ಪೂರ್ತಿ ಸತ್ಯವೇದ 1,189 ಅಧ್ಯಾಯ, ದಿನಕ್ಕೆ ಮೂರಕ್ಕಿಂತ ಜಾಸ್ತಿ ಆಗತ್ತೆ, ಹೊಸಬರು ಮೂರನೇ ಪುಸ್ತಕ ಯಾಜಕಕಾಂಡದ ಬಲಿ, ನಿಯಮಗಳಲ್ಲಿ ಸಿಕ್ಕಾಕೊಂಡು ಬಿಟ್ಬಿಡ್ತಾರೆ. ಯೇಸುವಿನ ಕಥೆಯಿಂದ ಶುರುವಾಗೋ ಎರಡನೇ ಭಾಗ, ಹೊಸ ಒಡಂಬಡಿಕೆ, 260 ಅಧ್ಯಾಯ. ವಾರಕ್ಕೆ ಐದು ಅಂದ್ರೆ ಸರಿಯಾಗಿ 52 ವಾರ, ತಪ್ಪೋಗಿದ್ದನ್ನ ಓದೋಕೆ ಶನಿವಾರ ಭಾನುವಾರ ಉಳ್ಕೊಳತ್ತೆ. ನಾನು ಬೆಳಿಗ್ಗೆ ಹಾಲು ಒಲೆ ಮೇಲಿಟ್ಟು ಅಡುಗೆಮನೆ ಸ್ಟೂಲ್ ಮೇಲೆ ಕೂತು ಓದ್ತೀನಿ, ಒಂದೆರಡು ಸಲ ಹಾಲು ಉಕ್ಕಿ ಪುಟದ ಅಂಚು ಗಟ್ಟಿಯಾಗೋಗಿದೆ, ಆದ್ರೂ ಆ ಜಾಗ ಬದಲಾಯಿಸಿಲ್ಲ ಯಾಕಂದ್ರೆ ಆ ಹೊತ್ತಲ್ಲಿ ಯಾರೂ ಕರೆಯಲ್ಲ.

ಎರಡನೇದು ಕಷ್ಟ. ಕಾಣಿಕೆ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಬೇಜಾರಿದೆ ಅಂತ ನೆನಪಾದ್ರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿ ಮಾಡ್ಕೋ ಅಂತ ಯೇಸು ಹೇಳಿದ್ದು ಮತ್ತಾಯ 5ರಲ್ಲಿದೆ. ನಮ್ಮಣ್ಣ ಮಂಡ್ಯ ಕಡೆ ಊರಲ್ಲಿ ಕಬ್ಬು ಬೆಳೀತಾನೆ. ಅಪ್ಪ ತೀರ್ಕೊಂಡ ಮೇಲೆ ನಾಲೆ ಪಕ್ಕದ ಬದುವಿನ ವಿಷಯಕ್ಕೆ ಮಾತು ಬೆಳೆದು, ತಪ್ಪು ಮಾತಾಡಿದ್ದು ನಾನೇ, ನಾಲ್ಕು ವರ್ಷ ಬಾಯಿ ಬಿಟ್ಟಿರ್ಲಿಲ್ಲ. "ಎಲ್ಲರನ್ನೂ ಕ್ಷಮಿಸ್ತೀನಿ" ಅಂತ ಪ್ರತಿ ವರ್ಷ ಬರೀತಿದ್ದೆ, ಅಣ್ಣನ ಹೆಸರು ಮಾತ್ರ ಬರೀತಿರ್ಲಿಲ್ಲ. ಆ ವರ್ಷ "ಭಾನುವಾರ ಸಂಜೆ ಅಣ್ಣಂಗೆ ಫೋನ್" ಅಂತ ಬರೆದೆ. ಮೊದಲನೇ ವಾರ ಎತ್ತಲಿಲ್ಲ. ಎರಡನೇ ವಾರ ಎತ್ತಿ "ಏನು" ಅಂದ. ತಪ್ಪಾಯ್ತಣ್ಣ ಅಂದೆ. ಸ್ವಲ್ಪ ಹೊತ್ತು ಪಂಪ್‌ಸೆಟ್ ಸೌಂಡು ಬಿಟ್ರೆ ಬೇರೇನೂ ಕೇಳಿಸ್ಲಿಲ್ಲ, ಆಮೇಲೆ "ಊಟ ಆಯ್ತಾ" ಅಂದ. ಅದಕ್ಕೇ ಹೇಳೋದು, ಹೆಸರು ಬರೀರಿ, ದಿನ ಬರೀರಿ. ಎದುರಿಗಿರೋರಿಂದ ಹೊಡೆತ, ಹಿಂಸೆ ಆಗಿದ್ರೆ ಮಾತ್ರ ಒಬ್ಬರೇ ಹೋಗ್ಬೇಡಿ, ಮೊದಲು ನಂಬಿಕೆಯ ಹಿರಿಯರ ಹತ್ರ ಮಾತಾಡಿ.

ರಾತ್ರಿ ಮಲಗೋಕ್ ಮುಂಚೆ ಐದು ನಿಮಿಷ ಲೆಕ್ಕ ನೋಡ್ಕೊಳಿ. ಕಥೋಲಿಕರಲ್ಲಿ ಲೊಯೋಲದ ಸಂತ ಇಗ್ನೇಷಿಯಸ್ ಕಲಿಸಿದ ಆತ್ಮಶೋಧನೆ ಇದೆ: ಕೃತಜ್ಞತೆಯಿಂದ ಶುರು, ಬೆಳಕು ಕೇಳೋದು, ದಿನ ತಿರುಗಿಸಿ ನೋಡೋದು, ತಪ್ಪಿಗೆ ಕ್ಷಮೆ, ನಾಳೆಗೆ ತೀರ್ಮಾನ. ನಾವು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಅನ್ನೋ ಪ್ರಾಟೆಸ್ಟೆಂಟ್ ಸಭೆಯವರಾದ್ರೂ ನಮ್ಮನೇಲಿ ಇದನ್ನೇ ಮಾಡೋದು, ಒಳ್ಳೇದು ಎಲ್ಲಿದ್ರೂ ತಗೋಬೇಕು.

ತಪ್ಪಿದ್ರೆ? ತಪ್ಪತ್ತೆ ಕಣ್ರಿ. ಕರ್ತನ ಕರುಣೆ ದಿನಾ ಬೆಳಿಗ್ಗೆ ಹೊಸದು ಅಂತ ಪ್ರಲಾಪಗಳು 3ರಲ್ಲಿ ಇರೋದು ಊರು ಹಾಳಾಗಿ ಅಳ್ತಿದ್ದೋರ ಮಾತು, ಸುಖವಾಗಿದ್ದೋರದ್ದಲ್ಲ. ನಾಲ್ಕು ದಿನ ಓದಿಲ್ಲ ಅಂದ್ರೆ ನಾಲ್ಕೂ ಒಟ್ಟಿಗೆ ಓದೋಕೆ ಹೋಗ್ಬೇಡಿ, ಇವತ್ತಿಂದು ಓದಿ ಸಾಕು. ಮನೇಲಿ ಅಥವಾ ಸಭೆಯಲ್ಲಿ ಒಬ್ಬರಿಗೆ ಮಾತ್ರ ಹೇಳಿಡಿ, ವಾಟ್ಸಾಪ್ ಸ್ಟೇಟಸ್‌ಗೆ ಬೇಡ. ನನ್ನನ್ನ ಪ್ರತಿ ಶನಿವಾರ ಕೇಳೋದು ನಮ್ಮತ್ತೆ.

ಜನವರಿ ಒಂದೇ ಆಗ್ಬೇಕು ಅಂತೇನಿಲ್ಲ. ಮೆಥೊಡಿಸ್ಟ್ ಪಂಥದ ಜಾನ್ ವೆಸ್ಲಿ 1755ರಲ್ಲಿ ಲಂಡನ್ನಲ್ಲಿ ಒಡಂಬಡಿಕೆ ಆರಾಧನೆ, ಅಂದ್ರೆ ದೇವರಿಗೆ ಕೊಟ್ಟ ಮಾತನ್ನ ಎಲ್ಲರೂ ಸೇರಿ ಹೊಸದು ಮಾಡ್ಕೊಳೋದು, ಶುರು ಮಾಡಿದ್ದು ಆಗಸ್ಟ್ ತಿಂಗಳಲ್ಲಿ. ಇವತ್ತು ರಾತ್ರಿಯೇ ಹೊಸ ಒಡಂಬಡಿಕೆಯಲ್ಲಿ ಮಾರ್ಕನ ಸುವಾರ್ತೆಯ ಮೊದಲನೇ ಅಧ್ಯಾಯ ತೆಗೀರಿ, 45 ವಚನ ಇದೆ, ಹತ್ತು ನಿಮಿಷ ಸಾಕಾಗತ್ತೆ.