ತಂಬೂರಿ ಶ್ರುತಿ ಸೇರಿದೆ ಅಂತ ಕಿವಿಯಲ್ಲೇ ಕಂಡುಹಿಡಿಯುವುದು ಹೇಗೆ?

ತಂಬೂರಿಯ ನಾಲ್ಕು ತಂತಿಗಳಲ್ಲಿ ಒಂದೇ ಎತ್ತರದಲ್ಲಿ ನುಡಿಯುವುದು ನಡುವಿನ ಎರಡು ಮಾತ್ರ. ಮೊದಲನೆಯದು ಮಂದ್ರ ಪಂಚಮ (ಕೆಳಸ್ಥಾಯಿಯ ಪ), ಆಮೇಲೆ ಮಧ್ಯಸ್ಥಾಯಿಯ ಷಡ್ಜಕ್ಕೆ (ಸ) ಕೂಡಿಸುವ ಸಾರಣಿ, ಅನುಸಾರಣಿ, ಕೊನೆಗೆ ಮಂದ್ರ ಷಡ್ಜ (ಕೆಳಸ್ಥಾಯಿಯ ಸ). ಇವೆಲ್ಲ ಒಟ್ಟಿಗೆ ನುಡಿದಾಗ ಒಂದಕ್ಕೊಂದು ಕಿತ್ತಾಡದೆ ಕೂಡಿಕೊಂಡರೆ ಶ್ರುತಿ ಸೇರಿತು ಅನ್ನುತ್ತೇವೆ. ಹೀಗೆ ಕೂಡಿಕೊಳ್ಳುವ ಸ್ವರಗಳಿಗೆ ಶಾಸ್ತ್ರದಲ್ಲಿ ಸಂವಾದಿ ಅಂತ ಹೆಸರು. ಷಡ್ಜಕ್ಕೆ ಪಂಚಮ ಸಂವಾದಿ, ಶುದ್ಧ ಮಧ್ಯಮವೂ ಸಂವಾದಿ. ಹಿಂದೂಸ್ತಾನಿಯವರು ಪಂಚಮವೇ ಇಲ್ಲದ ಮಾಲಕಂಸ ರಾಗ ಹಾಡುವಾಗ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸಿಕೊಳ್ಳುವುದು ಇದೇ ಧೈರ್ಯದ ಮೇಲೆ.

ಮೊದಲು ನಿಮ್ಮ ಶ್ರುತಿ, ಅಂದರೆ ನಿಮ್ಮ ಷಡ್ಜದ ಎತ್ತರ, ಯಾವುದು ನೋಡಿಕೊಳ್ಳಿ. ಹಾರ್ಮೋನಿಯಂನ ಬಿಳಿ ಮನೆಗಳ ಲೆಕ್ಕದಲ್ಲಿ ಗಂಡಸರಿಗೆ ಸಾಮಾನ್ಯವಾಗಿ 1ರಿಂದ 2 ಮನೆ, ಹೆಂಗಸರಿಗೆ 5ರಿಂದ 6 ಮನೆ ಹೊಂದುತ್ತದೆ.

ಕುದುರೆಯ (ತಂತಿಗಳು ಹಾದುಹೋಗುವ ಸೇತುವೆ) ಮೇಲೆ ತಂತಿಯ ಕೆಳಗಿರುವ ಜೀವಾಳಿ ದಾರವನ್ನು ಸ್ವಲ್ಪ ಸರಿಸಿಬಿಡಿ. ಝೇಂಕಾರ ಇಲ್ಲದಿದ್ದರೆ ಸ್ವರ ಸ್ಪಷ್ಟವಾಗಿ ಕೇಳುತ್ತದೆ. ಈಗ ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ಸಾರಣಿಯನ್ನು ಷಡ್ಜಕ್ಕೆ ತನ್ನಿ. ಮೊಬೈಲ್ ಆ್ಯಪ್‌ನ ಮುಳ್ಳನ್ನೂ ನೋಡಬಹುದು, ಆದರೆ ಈ ಒಂದು ತಂತಿಗೆ ಮಾತ್ರ. ಮಿಕ್ಕಿದ್ದೆಲ್ಲ ಕಿವಿಯ ಕೆಲಸ.

ಅನುಸಾರಣಿಯಲ್ಲೇ ನಿಜವಾದ ಪಾಠ ಇರುವುದು. ಸಾರಣಿಯನ್ನೂ ಅದನ್ನೂ ಒಂದರ ಹಿಂದೆ ಒಂದು ಮೀಟಿ, ಸುಮ್ನೆ ಕೇಳಿ. ಸ್ವಲ್ಪ ಹೆಚ್ಚುಕಮ್ಮಿ ಇದ್ದರೆ ನಾದ ಅಲೆಅಲೆಯಾಗಿ ಬರುತ್ತದೆ: ವಾಂವ್... ವಾಂವ್... ಒಂದು ತಂತಿ ಸೆಕೆಂಡಿಗೆ 200 ಸಲ ಅದುರುತ್ತಿದ್ದು ಇನ್ನೊಂದು 203 ಸಲ ಅದುರಿದರೆ ಸೆಕೆಂಡಿಗೆ 3 ಅಲೆ. ಬಿರಡೆಯನ್ನು (ತಂತಿ ಬಿಗಿಸುವ ಗೂಟ) ಒಂದೆಳೆ ತಿರುಗಿಸಿ. ಅಲೆ ನಿಧಾನವಾದರೆ ನೀವು ಸರಿಯಾದ ದಿಕ್ಕಿನಲ್ಲಿದ್ದೀರಿ, ಜೋರಾದರೆ ಹಿಂದಕ್ಕೆ ಬನ್ನಿ. ಅಲೆ ಹಿಗ್ಗಿ ಹಿಗ್ಗಿ ಕೊನೆಗೆ ಕಾಣೆಯಾದಾಗ ಎರಡು ತಂತಿ ಇದೆ ಅಂತಲೇ ಗೊತ್ತಾಗುವುದಿಲ್ಲ. ಈ ಕೊನೆಯ ಕೂದಲೆಳೆಯನ್ನು ಬಿರಡೆಯಲ್ಲಿ ತರಲು ಹೋಗಬೇಡಿ, ಖಂಡಿತ ದಾಟಿಹೋಗುತ್ತದೆ. ಕುದುರೆಯ ಹಿಂದಿರುವ ಮಣಿಯನ್ನು ಕೆಳಕ್ಕೆ ಸರಿಸಿದರೆ ಶ್ರುತಿ ಏರುತ್ತದೆ, ಮೇಲಕ್ಕೆ ಸರಿಸಿದರೆ ಇಳಿಯುತ್ತದೆ.

ಮಂದ್ರ ಷಡ್ಜವನ್ನೂ ಹೀಗೇ ಸಾರಣಿಗೆ ಹೋಲಿಸಿ ಸೇರಿಸಿ. ಕೊನೆಗೆ ಪಂಚಮ. ಇದು ಹೊಸಬರಿಗೆ ಕಷ್ಟ, ಯಾಕೆಂದರೆ ಎರಡು ಬೇರೆ ಸ್ವರಗಳ ನಡುವೆ ಅಲೆ ಹುಡುಕಬೇಕು. ಮೊದಲು ಬಾಯಲ್ಲಿ ಸ-ಪ-ಸ ಹಾಡಿಕೊಂಡು ಆ ಪಂಚಮಕ್ಕೆ ತಂತಿಯನ್ನು ತನ್ನಿ, ಆಮೇಲೆ ಅಲೆ ಕೇಳಿ. ಹಾರ್ಮೋನಿಯಂನ ಪಂಚಮ ನೋಡಿ ಕೂಡಿಸಬೇಡಿ, ಅದು ಒಂಚೂರು ಇಳಿದೇ ಇರುತ್ತದೆ.

ಈಗ ಜೀವಾಳಿಯನ್ನು ಕುದುರೆಯ ಮೇಲೆ ಹಿಂದೆಮುಂದೆ ಸರಿಸುತ್ತಾ ಹೋಗಿ, ಒಂದು ಜಾಗದಲ್ಲಿ ತಂತಿಗೆ ಇದ್ದಕ್ಕಿದ್ದಂತೆ ಜೀವ ಬಂದು ಝೇಂಕಾರ ಅರಳುತ್ತದೆ, ಅಲ್ಲೇ ನಿಲ್ಲಿಸಿ. ಪಂಚಮವನ್ನು ನಡುಬೆರಳಲ್ಲಿ, ಉಳಿದ ಮೂರನ್ನು ತೋರುಬೆರಳಲ್ಲಿ ಒಂದೇ ಸಮ ಮೀಟುತ್ತಾ ಮಂದ್ರ ಷಡ್ಜದ ಕಡೆ ಗಮನ ಕೊಡಿ. ಯಾವ ತಂತಿಯನ್ನೂ ಗಾಂಧಾರಕ್ಕೆ ಕಟ್ಟಿಲ್ಲ, ಆದರೂ ಅಂತರ ಗಾಂಧಾರ, ಅಂದರೆ ಎತ್ತರದ ಗ, ಕೇಳಿಸುತ್ತದೆ. ಪವಾಡವೇನಲ್ಲ. ತಂತಿ ಇಡಿಯಾಗಿ ಅದುರುವಾಗಲೇ 5 ಪಾಲಾಗಿಯೂ ಅದುರುತ್ತದೆ, ಆ 5ನೇ ಪಾಲಿನ ನಾದವೇ ಈ ಗಾಂಧಾರ. ಇದಕ್ಕೆ ಸ್ವಯಂಭೂ ಅಂತಾರೆ. ಅದು ನಿಚ್ಚಳವಾಗಿ ಕೇಳಿಸಿದರೆ ನಿಮ್ಮ ಕೆಲಸ ಚೆನ್ನಾಗಿ ಆಗಿದೆ ಅಂತಲೇ ಲೆಕ್ಕ, ನನಗಂತೂ ಯಾವ ಆ್ಯಪ್‌ಗಿಂತ ಇದರ ಮೇಲೆ ಜಾಸ್ತಿ ನಂಬಿಕೆ.

ಮಾತಿನಲ್ಲಿ ಒಂದು ಗೊಂದಲ ಇದೆ. ಅಪಸ್ವರ, ಅಪಶ್ರುತಿ ಎರಡನ್ನೂ ಒಂದೇ ಅನ್ನುವ ಹಾಗೆ ಬಳಸುತ್ತಾರೆ. ಹಿಂದೋಳ ರಾಗದಲ್ಲಿ ರಿಷಭ ಇಲ್ಲ. ಅಲ್ಲಿ ಯಾರಾದರೂ ಎಷ್ಟೇ ಶುದ್ಧವಾಗಿ ರಿಷಭ ಹಿಡಿದರೂ ಅದು ಅಪಸ್ವರ. ಹಿಂದೋಳದ್ದೇ ಗಾಂಧಾರವನ್ನು ಒಂದೆಳೆ ಇಳಿಸಿ ಹಾಡಿದರೆ ಸ್ವರ ಸರಿ, ಶ್ರುತಿ ಬಿಟ್ಟಿತು. ಪಕ್ಷದೊಳಗೆ ಅಪಸ್ವರ ಅಂತ ಪತ್ರಿಕೆಯವರು ಬರೆಯುತ್ತಾರಲ್ಲ, ಅಲ್ಲಿ ಯಾವುದಾದರೂ ನಡೆಯುತ್ತದೆ ಬಿಡಿ.

ನಾಲ್ಕೂ ಸೇರಿದ ಮೇಲೆ ಸಾರಣಿಯನ್ನು ಮತ್ತೊಮ್ಮೆ ನೋಡಿ. ಒಂದು ತಂತಿ ಬಿಗಿಯಾದರೆ ಮಿಕ್ಕವು ಸ್ವಲ್ಪ ಸಡಿಲವಾಗುತ್ತವೆ. ಎಸಿ ಹಾಕಿದ ಸಭಾಂಗಣಕ್ಕೆ ಹೋದರೂ ಅಷ್ಟೇ, ತಂಬೂರಿಯನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟು ಆಮೇಲೆ ಶುರು ಮಾಡಿ. ಬಿರಡೆ ಜಾರುತ್ತಿದ್ದರೆ ಹೊರಗೆ ತೆಗೆದು ಸೀಮೆಸುಣ್ಣ ಉಜ್ಜಿ, ತಿರುಗಿಸುವಾಗಲೇ ಒಳಕ್ಕೆ ಒತ್ತಿ.